ಗಾಳಿ ಮತ್ತು ಪೆಟ್ರೋಲುಗಳ ಹದ
(ಹಳೆಯ ಮೋಟಾರು ಸೈಕಲ್ಲಿಗೆ ಹೊಸ ಏರ್ ಫಿಲ್ಟರನ್ನು ಜೋಡಿಸಿದ ಬಳಿಕ ಕಾರ್ಬ್ಯುರೇಟರುಗಳನ್ನು ಹೊಂದಿಸುವ ಕ್ರಮ)

'ಹದ' ಎಂಬುದು ಅಚ್ಚಗನ್ನಡದ ಮಾತು. ಹಳಗನ್ನಡದ 'ಪದ' ಎಂಬ ರೂಪದಲ್ಲಿ ಪಕಾರಕ್ಕೆ ಹಕಾರ ಬಂದು ಈ ಶಬ್ದವು ನಿಷ್ಪನ್ನವಾಗಿದೆ. ಎರೆಭೂಮಿಯು ಹದಕ್ಕೆ ಬಂದಾಗ ಒಕ್ಕಲಿಗನು ಕೂರಿಗೆಯನ್ನು ಹೂಡುತ್ತಾನೆ. ಕುಂಬಾರನು ಮಣ್ಣನ್ನು ತುಳಿದು ಹದಮಾಡಿದ ಮೇಲೆಯೇ ತಿಗರಿಯ ಮೇಲಿಡುತ್ತಾನೆ. ಕಬ್ಬಿನ ಗಾಣದಲ್ಲಿ ಕೊಪ್ಪರಿಗೆಯ ಮುಂದೆ ನಿಂತ ಅನುಭವಿಯು ಪಾಕದ ಹದವನ್ನು ಕಣ್ಣಳತೆಯಿಂದಲೇ ಅರಿತು ಒಲೆಯಿಂದ ಇಳಿಸುತ್ತಾನೆ. ತುಸು ಮೊದಲಾದರೆ ಬೆಲ್ಲ ಕಟ್ಟುವುದಿಲ್ಲ, ತುಸು ತಡವಾದರೆ ಕರಿಕಾಗುತ್ತದೆ. ಯಾವುದೇ ಕಾರ್ಯವು ಕೆಟ್ಟಾಗ ಕನ್ನಡಿಗರು 'ಹದಗೆಟ್ಟಿತು' ಎನ್ನುವುದರಲ್ಲಿ ಒಂದು ತತ್ತ್ವವೇ ಅಡಗಿದೆ. ಕೆಡುವುದೆಂದರೆ ಪ್ರಮಾಣವನ್ನು ಕಳೆದುಕೊಳ್ಳುವುದು.

ಈ ತತ್ತ್ವವು ಹೊಲ, ಗಾಣ, ಅಡುಗೆಮನೆಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಬೆಳಗಾವಿಯಿಂದ ಖಾನಾಪುರದ ಕಡೆಗೆ ನಿತ್ಯವೂ ಹೋಗಿಬರುವ ಅಸಂಖ್ಯಾತ ಮೋಟಾರು ಸೈಕಲ್ಲುಗಳ ಯಂತ್ರದೊಳಗೂ ಅದು ಕ್ಷಣಕ್ಷಣಕ್ಕೂ ನಡೆಯುತ್ತಿದೆ. ಅಲ್ಲಿ ಹದಗೊಳ್ಳಬೇಕಾದ ವಸ್ತುಗಳು ಎರಡು: ಗಾಳಿ ಮತ್ತು ಪೆಟ್ರೋಲು. ಇವುಗಳ ಮಿಶ್ರಣವನ್ನು ಸಿದ್ಧಪಡಿಸುವ ಉಪಕರಣಕ್ಕೆ ಕಾರ್ಬ್ಯುರೇಟರು ಎಂದು ಹೆಸರು. ಇಂಗಾಲದೊಡನೆ ಕೂಡಿಸುವುದು ಎಂಬರ್ಥದ ಹಳೆಯ ಇಂಗ್ಲಿಷ್ ಕ್ರಿಯಾಪದದಿಂದ ಈ ಹೆಸರು ಬಂದಿದೆ. ಫಿಲ್ಟರನ್ನು ಬದಲಿಸಿದಾಗ ಈ ಹದವು ಹೇಗೆ ಕೆಡುತ್ತದೆ, ಕೆಟ್ಟುದನ್ನು ಹೇಗೆ ಸರಿಪಡಿಸಬೇಕು, ಸರಿಪಡಿಸದಿದ್ದರೆ ಒದಗುವ ಅನರ್ಥವೇನು ಎಂಬುದನ್ನು ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಹಳೆಯ ಗಾಡಿಗಳು, ಹೊಸ ಫಿಲ್ಟರು

ಕರ್ನಾಟಕಕ್ಕೂ ಮೋಟಾರು ಸೈಕಲ್ಲಿಗೂ ಇರುವ ನಂಟು ಹಳೆಯದು. ಮೈಸೂರಿನಲ್ಲಿ 1960ರಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಾರ್ಖಾನೆಯು ಅಂದಿನ ಚೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿಯಿಂದ 1961ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. 1970ರ ದಶಕದಲ್ಲಿ ಅದೇ ಕಾರ್ಖಾನೆಯ ಗಾಡಿಗಳು 'ಯಜ್ದಿ' ಎಂಬ ಹೆಸರನ್ನು ತಳೆದವು. 1996ರಲ್ಲಿ ಕಾರ್ಖಾನೆಯು ಮುಚ್ಚಿತು. ಎಸ್ಕಾರ್ಟ್ಸ್ ಕಂಪನಿಯು ಜಪಾನಿನ ಯಮಾಹಾ ಕಂಪನಿಯ ವಿನ್ಯಾಸವನ್ನು ಅನುಸರಿಸಿ 1983ರಲ್ಲಿ ಹೊರತಂದ ರಾಜದೂತ್ 350 ಎಂಬುದು ಎರಡು ಸಿಲಿಂಡರುಗಳ, ಎರಡು ಕಾರ್ಬ್ಯುರೇಟರುಗಳ ಗಾಡಿ. 1980ರ ದಶಕವು ಮುಗಿಯುವ ಹೊತ್ತಿಗೆ ಅದರ ಕಾಲವೂ ಮುಗಿಯಿತು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮವು ಜಾರಿಗೆ ಬಂದ ತರುವಾಯ ಹೊಸ ಮೋಟಾರು ಸೈಕಲ್ಲುಗಳಲ್ಲಿ ಕಾರ್ಬ್ಯುರೇಟರಿನ ಸ್ಥಾನವನ್ನು ಫ್ಯುಯಲ್ ಇಂಜೆಕ್ಷನ್ ವ್ಯವಸ್ಥೆಯು ಆಕ್ರಮಿಸಿದೆ. ಅಲ್ಲಿ ಗಾಳಿಯ ಪ್ರಮಾಣವನ್ನು ಅಳೆದು ಪೆಟ್ರೋಲನ್ನು ಸಿಂಪಡಿಸುವ ಕೆಲಸವನ್ನು ಕಂಪ್ಯೂಟರೇ ಮಾಡುತ್ತದೆ.

ಆದರೂ ಹಳೆಯ ಗಾಡಿಗಳು ಕಣ್ಮರೆಯಾಗಿಲ್ಲ. ತಂದೆಯು ಮೊದಲ ಸಂಬಳದಲ್ಲಿ ಕೂಡಿಟ್ಟು ಕೊಂಡ ಯಜ್ದಿಯನ್ನು ಮಾರಲೊಲ್ಲದೆ ಇಟ್ಟುಕೊಂಡ ಮಗನು ಉತ್ತರ ಕರ್ನಾಟಕದ ಊರೂರಿನಲ್ಲಿಯೂ ಸಿಗುತ್ತಾನೆ. ಇಂಥ ಗಾಡಿಗಳಲ್ಲಿ ಮೊದಲು ಕೈಕೊಡುವುದು ಕಬ್ಬಿಣವಲ್ಲ, ರಬ್ಬರು. ಫಿಲ್ಟರಿನ ಪೆಟ್ಟಿಗೆಗೂ ಕಾರ್ಬ್ಯುರೇಟರಿಗೂ ನಡುವೆ ಇರುವ ರಬ್ಬರಿನ ಕೊಳವೆಯು ಬಿರಿದುಹೋಗುತ್ತದೆ. ಮೂಲದ ಪೆಟ್ಟಿಗೆಯು ಒಡೆದರೆ ಅದೇ ಅಳತೆಯದು ದೊರೆಯುವುದು ಕಷ್ಟ. ಆಗ ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಕಾರ್ಬ್ಯುರೇಟರಿನ ಬಾಯಿಗೆ ನೇರವಾಗಿ ಬಿಗಿಯುವ, ಶಂಕುವಿನಾಕಾರದ ಬಯಲು ಫಿಲ್ಟರನ್ನು ತಂದು ಜೋಡಿಸುತ್ತಾರೆ. ಕೆಲವರು ಗಾಡಿಯ ವೇಗ ಹೆಚ್ಚುವುದೆಂಬ ಆಸೆಯಿಂದಲೂ ಹೀಗೆ ಮಾಡುವುದುಂಟು. ಕಾರಣ ಯಾವುದಾದರೂ ಆಗಲಿ, ಪರಿಣಾಮ ಒಂದೇ.

ಕಾರ್ಬ್ಯುರೇಟರಿನ ಸ್ವರೂಪ

ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ 1 ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಯಂತ್ರವು ಪೂರ್ಣಶಕ್ತಿಯನ್ನು ಕೊಡಬೇಕಾದರೆ ಪೆಟ್ರೋಲು ತುಸು ಹೆಚ್ಚಿರಬೇಕು. ಆಗ ಗಾಳಿಯ ಪಾಲು ಸುಮಾರು 12.5ರಿಂದ 13. ಬೆಳಗಾವಿಯ ಎತ್ತರದಲ್ಲಿ ಲೆಕ್ಕಹಾಕಿದರೆ, ಒಂದು ಲೀಟರು ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 10,000 ಲೀಟರು ಗಾಳಿ ಬೇಕಾಗುತ್ತದೆ. ಬೆಳಗಾವಿಯಿಂದ ಖಾನಾಪುರವು ಸುಮಾರು 26 ಕಿಲೋಮೀಟರು. ಹಳೆಯ ಎರಡು-ಸ್ಟ್ರೋಕಿನ ಗಾಡಿಯು ಈ ದಾರಿಗೆ ಹೆಚ್ಚುಕಡಿಮೆ ಒಂದು ಲೀಟರು ಪೆಟ್ರೋಲನ್ನು ಕುಡಿಯುತ್ತದೆ. ಅಂದರೆ ಒಂದೇ ಸಲದ ಪ್ರಯಾಣದಲ್ಲಿ ಅಷ್ಟು ಗಾಳಿಯೂ ಫಿಲ್ಟರಿನ ಮೂಲಕ ಹಾದುಹೋಗಬೇಕು. ಆ ಚಿಕ್ಕ ವಸ್ತುವಿನ ಹೊಣೆ ಎಷ್ಟು ದೊಡ್ಡದೆಂಬುದು ಇದರಿಂದ ವಿದಿತವಾಗುತ್ತದೆ.

ಕಾರ್ಬ್ಯುರೇಟರಿನ ಕೆಲಸಕ್ಕೆ ಆಧಾರವಾದ ತತ್ತ್ವವನ್ನು ಬರ್ನೌಲಿ ಎಂಬ ವಿಜ್ಞಾನಿಯು 1738ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಹರಿಯುವ ವಸ್ತುವಿನ ವೇಗ ಹೆಚ್ಚಿದಲ್ಲಿ ಅದರ ಒತ್ತಡವು ಕುಗ್ಗುತ್ತದೆ. ಕಾರ್ಬ್ಯುರೇಟರಿನ ಒಳದಾರಿಯು ನಡುವೆ ಕಿರಿದಾಗಿದೆ. ಅಲ್ಲಿ ಗಾಳಿಯು ರಭಸದಿಂದ ಸಾಗುವುದರಿಂದ ಒತ್ತಡ ಕಡಿಮೆಯಾಗುತ್ತದೆ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲಿನ ಮೇಲೆ ಹೊರಗಿನ ವಾತಾವರಣದ ಒತ್ತಡವಿದೆ. ಈ ಎರಡು ಒತ್ತಡಗಳ ಅಂತರವೇ ಪೆಟ್ರೋಲನ್ನು ಜೆಟ್ಟಿನ ಸಣ್ಣ ರಂಧ್ರದ ಮೂಲಕ ಮೇಲಕ್ಕೆತ್ತಿ ಗಾಳಿಯಲ್ಲಿ ತುಂತುರಾಗಿ ಬೆರೆಸುತ್ತದೆ. ಬಟ್ಟಲಿನೊಳಗಿನ ತೇಲುಬುರುಡೆಯು ಪೆಟ್ರೋಲಿನ ಮಟ್ಟವನ್ನು ಸದಾ ಒಂದೇ ಸಮನಾಗಿ ಕಾಯುತ್ತದೆ.

ಆಕ್ಸಿಲರೇಟರನ್ನು ತಿರುಗಿಸಿದಂತೆ ಕಾರ್ಬ್ಯುರೇಟರಿನಲ್ಲಿ ಬೇರೆಬೇರೆ ಭಾಗಗಳು ಅಧಿಕಾರವನ್ನು ವಹಿಸಿಕೊಳ್ಳುತ್ತವೆ. ಗಾಡಿಯು ನಿಂತಲ್ಲೇ ಮಂದವಾಗಿ ಓಡುವಾಗಲೂ, ಎಂಟರಲ್ಲೊಂದು ಪಾಲು ತಿರುಗಿಸುವವರೆಗೂ ಪೈಲಟ್ ಜೆಟ್ಟು ಮತ್ತು ಏರ್ ಸ್ಕ್ರೂಗಳದೇ ಆಡಳಿತ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಕೆಳಅಂಚಿನ ಓರೆಕಡಿತವು ಹದವನ್ನು ನಿರ್ಧರಿಸುತ್ತದೆ. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಸ್ಲೈಡಿನಲ್ಲಿ ತೂಗಿರುವ ಮೊನಚಾದ ಸೂಜಿಯದು ಪ್ರಾಧಾನ್ಯ. ಮುಕ್ಕಾಲಿನಿಂದ ಪೂರ್ಣದವರೆಗೆ ಮೇನ್ ಜೆಟ್ಟು. ಇವುಗಳ ಸರಹದ್ದು ಗೆರೆ ಎಳೆದಂತೆ ಖಚಿತವಾದುದಲ್ಲ, ಒಂದರ ಪ್ರಭಾವವು ಇನ್ನೊಂದರ ಸೀಮೆಯಲ್ಲಿಯೂ ತುಸು ಹಬ್ಬಿರುತ್ತದೆ. ಆದರೆ ಯಾವ ಸ್ಥಿತಿಯಲ್ಲಿ ತೊಂದರೆಯಿದೆಯೋ ಆ ಸ್ಥಿತಿಯ ಅಧಿಕಾರಿಯನ್ನೇ ವಿಚಾರಿಸಬೇಕೆಂಬುದು ಈ ವಿದ್ಯೆಯ ಮೊದಲ ಸೂತ್ರ.

ಪೆಟ್ರೋಲು ಹೆಚ್ಚಾದ ಮಿಶ್ರಣವನ್ನು ಮಿಸ್ತ್ರಿಗಳು 'ರಿಚ್' ಎಂದೂ, ಕಡಿಮೆಯಾದುದನ್ನು 'ಲೀನ್' ಎಂದೂ ಕರೆಯುತ್ತಾರೆ. ಇಲ್ಲಿ ಇವನ್ನು ಕ್ರಮವಾಗಿ 'ದಟ್ಟ' ಮತ್ತು 'ತೆಳು' ಎಂದು ಕರೆಯಲಾಗಿದೆ.

ಫಿಲ್ಟರು ಬದಲಾದಾಗ ಆಗುವುದೇನು?

ಹೊಸ ಫಿಲ್ಟರಿನಿಂದ ಗಾಳಿ ಹೆಚ್ಚು ಬರುತ್ತದೆ, ಆದ್ದರಿಂದ ಮಿಶ್ರಣ ತೆಳುವಾಗುತ್ತದೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಮಾತು ಸರಿಯೆ, ಆದರೆ ಅದು ಅರ್ಧಸತ್ಯ. ಗಾಳಿ ಹೆಚ್ಚಿದರೆ ಅದರ ಸೆಳೆತವೂ ಹೆಚ್ಚಿ ಪೆಟ್ರೋಲು ಕೂಡ ಹೆಚ್ಚಾಗಿಯೇ ಬರಬೇಕಲ್ಲವೆ ಎಂದು ಜಾಣ ವಿದ್ಯಾರ್ಥಿಯು ಕೇಳಬಹುದು. ಅದಕ್ಕೆ ಸಮಾಧಾನ ಹೀಗಿದೆ. ಮೂಲದ ಫಿಲ್ಟರು ಮತ್ತು ಅದರ ಪೆಟ್ಟಿಗೆಗಳು ಗಾಳಿಗೆ ಒಂದಿಷ್ಟು ಅಡ್ಡಿಯನ್ನು ಒಡ್ಡುತ್ತವೆ. ಈ ಅಡ್ಡಿಯಿಂದಾಗಿ ಕಾರ್ಬ್ಯುರೇಟರಿನ ಬಾಯಿಯಲ್ಲಿಯೇ ಒತ್ತಡವು ಹೊರಗಿನ ಒತ್ತಡಕ್ಕಿಂತ ಕಡಿಮೆಯಾಗಿರುತ್ತದೆ. ಬಟ್ಟಲಿನ ಮೇಲಾದರೋ ಹೊರಗಿನ ಪೂರ್ಣ ಒತ್ತಡವಿದೆ. ಅಂದರೆ ಪೆಟ್ರೋಲನ್ನು ಮೇಲಕ್ಕೆತ್ತುವ ಬಲದಲ್ಲಿ ಫಿಲ್ಟರಿನ ಅಡ್ಡಿಯದೂ ಒಂದು ಪಾಲಿದೆ. ಕಾರ್ಖಾನೆಯವರು ಜೆಟ್ಟಿನ ಅಳತೆಯನ್ನು ಗೊತ್ತುಮಾಡಿದ್ದು ಈ ಪಾಲನ್ನು ಸೇರಿಸಿಕೊಂಡೇ. ಬಯಲು ಫಿಲ್ಟರನ್ನು ಹಾಕಿದೊಡನೆ ಆ ಪಾಲು ಬಹುಮಟ್ಟಿಗೆ ಇಲ್ಲವಾಗುತ್ತದೆ. ಗಾಳಿಯ ದಾರಿ ಸಲೀಸಾಯಿತು, ಪೆಟ್ರೋಲನ್ನು ಎತ್ತುವ ಬಲವು ಕುಗ್ಗಿತು. ಇವೆರಡೂ ಒಂದೇ ದಿಕ್ಕಿನಲ್ಲಿ ಕೆಲಸಮಾಡುವುದರಿಂದ ಮಿಶ್ರಣವು ತೆಳುವಾಗುತ್ತದೆ.

ಈ ವ್ಯತ್ಯಾಸವು ಮಂದಗತಿಯಲ್ಲಿ ಅಷ್ಟಾಗಿ ತೋರುವುದಿಲ್ಲ. ಗಾಳಿಯ ಹರಿವು ಹೆಚ್ಚಿದಂತೆಲ್ಲ ಅದು ಬೆಳೆಯುತ್ತ ಹೋಗುತ್ತದೆ. ಆದುದರಿಂದಲೇ ಮನೆಯ ಅಂಗಳದಲ್ಲಿ ಸರಿಯಾಗಿ ಓಡಿದ ಗಾಡಿಯು ಹೆದ್ದಾರಿಯಲ್ಲಿ ಮೋಸಮಾಡುತ್ತದೆ.

ತೆಳು ಮಿಶ್ರಣದ ಅಪಾಯ

ದಟ್ಟ ಮಿಶ್ರಣವು ಜೇಬಿಗೆ ಕೇಡು, ತೆಳು ಮಿಶ್ರಣವು ಜೀವಕ್ಕೆ ಕೇಡು. ದಟ್ಟವಾದರೆ ಹೊಗೆ ಬರುತ್ತದೆ, ಪ್ಲಗ್ಗು ಮಸಿಹಿಡಿಯುತ್ತದೆ, ಪೆಟ್ರೋಲು ಪೋಲಾಗುತ್ತದೆ. ತೆಳುವಾದರೆ ಹೆಚ್ಚಿನ ಹೊರೆಯಲ್ಲಿ ಯಂತ್ರವು ಮಿತಿಮೀರಿ ಕಾಯುತ್ತದೆ. ಆವಿಯಾಗುವ ಪೆಟ್ರೋಲು ಒಳಭಾಗವನ್ನು ತಂಪಾಗಿಡುತ್ತದೆ; ಅದು ಕಡಿಮೆಯಾದರೆ ತಂಪೂ ಕಡಿಮೆ. ಇದಲ್ಲದೆ ಯಜ್ದಿಯಂತಹ ಎರಡು-ಸ್ಟ್ರೋಕಿನ ಗಾಡಿಗಳಲ್ಲಿ ಆಯಿಲನ್ನು ಪೆಟ್ರೋಲಿನಲ್ಲಿಯೇ ಬೆರೆಸಿ ಹಾಕುವ ಪದ್ಧತಿಯಿದೆ. ಅಲ್ಲಿ ಪೆಟ್ರೋಲು ಕಡಿಮೆಯಾದರೆ ಜಿಡ್ಡೂ ಕಡಿಮೆಯಾಯಿತೆಂದೇ ಅರ್ಥ. ಅಲ್ಯುಮಿನಿಯಮಿನ ಪಿಸ್ಟನ್ನು ಬೀಡುಕಬ್ಬಿಣದ ಒಳಗೋಡೆಗಿಂತ ಹೆಚ್ಚಾಗಿ ಹಿಗ್ಗಿ, ಕೊನೆಗೆ ಗೋಡೆಯನ್ನು ಕಚ್ಚಿಹಿಡಿಯುತ್ತದೆ. ಇದನ್ನೇ ಎಂಜಿನ್ನು ಸೀಜ್ ಆಗುವುದೆನ್ನುತ್ತಾರೆ.

ಸೀಜ್ ಆದ ಕ್ಷಣದಲ್ಲಿ ಹಿಂದಿನ ಗಾಲಿಯು ತಿರುಗದೆ ನಿಲ್ಲುತ್ತದೆ. ಮುಂಜಾನೆ ಶಾಲೆಯ ಗಂಟೆ ಹೊಡೆಯುವುದರೊಳಗಾಗಿ ಖಾನಾಪುರ ತಾಲೂಕಿನ ಹಳ್ಳಿಯೊಂದನ್ನು ಮುಟ್ಟಬೇಕೆಂದು, ಹಿಂದೆ ಸಹೋದ್ಯೋಗಿಯನ್ನು ಕುಳ್ಳಿರಿಸಿಕೊಂಡು ರಭಸದಿಂದ ಹೊರಟ ಶಿಕ್ಷಕನೊಬ್ಬನನ್ನು ಊಹಿಸಿಕೊಳ್ಳಬಹುದು. ಹಿಂದಿನಿಂದ ಲಾರಿಗಳು ಬರುತ್ತಿವೆ. ಆಗ ಗಾಲಿಯು ಕಚ್ಚಿದರೆ ಆಗಬಹುದಾದ ಅನಾಹುತವನ್ನು ವರ್ಣಿಸುವುದು ಬೇಕಿಲ್ಲ. ಯಂತ್ರದ ದನಿಯು ಒಮ್ಮೆಲೇ ಬಿಗಿದಂತೆ ಕೇಳಿಸಿದರೆ, ವೇಗವು ತಾನಾಗಿ ಕುಗ್ಗಿದಂತೆ ತೋರಿದರೆ, ಆ ಕ್ಷಣವೇ ಕ್ಲಚ್ಚನ್ನು ಹಿಡಿದು ಗಾಡಿಯನ್ನು ರಸ್ತೆಯ ಬದಿಗೆ ತರಬೇಕು. ಹಳೆಯ ಸವಾರರು ಕ್ಲಚ್ಚಿನ ಮೇಲೆ ಎರಡು ಬೆರಳುಗಳನ್ನು ಸದಾ ಇಟ್ಟಿರುತ್ತಿದ್ದುದು ಈ ಕಾರಣದಿಂದಲೇ.

ಪೂರ್ವಸಿದ್ಧತೆ

ಕಾರ್ಬ್ಯುರೇಟರಿಗೆ ಕೈಹಚ್ಚುವ ಮೊದಲು ಉಳಿದ ಅಂಗಗಳು ಆರೋಗ್ಯದಿಂದಿವೆಯೆ ಎಂದು ನೋಡತಕ್ಕದ್ದು. ಕಾರ್ಬ್ಯುರೇಟರಿಗೂ ಸಿಲಿಂಡರಿಗೂ ನಡುವಣ ರಬ್ಬರು ಅಥವಾ ಪ್ಯಾಕಿಂಗು ಬಿರಿದಿದ್ದರೆ ಅಲ್ಲಿಂದ ಕಳ್ಳಗಾಳಿಯು ಒಳಹೊಗುತ್ತದೆ. ಅದನ್ನು ಮುಚ್ಚದೆ ಎಷ್ಟು ಜೆಟ್ಟುಗಳನ್ನು ಬದಲಿಸಿದರೂ ತೂತಾದ ಕೊಡದಲ್ಲಿ ನೀರು ತುಂಬಿಸಿದಂತೆ. ಪ್ಲಾಟಿನಂ ಪಾಯಿಂಟಿನ ಅಂತರ ಮತ್ತು ಕಿಡಿ ಹೊಡೆಯುವ ಸಮಯ ಸರಿಯಿರಬೇಕು. ಟಾಕಿಯಿಂದ ಪೆಟ್ರೋಲು ಧಾರಾಳವಾಗಿ ಇಳಿಯಬೇಕು. ತೇಲುಬುರುಡೆಯ ಎತ್ತರವು ಆಯಾ ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟಿರಬೇಕು. ಪ್ಲಗ್ಗು ಹೊಸದಾಗಿರಬೇಕು, ಹಳೆಯ ಪ್ಲಗ್ಗಿನ ಬಣ್ಣವು ಹಳೆಯ ಕತೆಯನ್ನೇ ಹೇಳುತ್ತದೆ.

ಜೆಟ್ಟುಗಳನ್ನು ಪೆಟ್ರೋಲಿನಲ್ಲಿ ತೊಳೆದು ಗಾಳಿ ಊದಿ ಶುಚಿಮಾಡಬೇಕೇ ಹೊರತು ತಂತಿಯಿಂದ ತಿವಿಯಬಾರದು. ಕೂದಲೆಳೆಯಷ್ಟು ರಂಧ್ರವು ಅಗಲವಾದರೂ ಅದರ ಮೇಲೆ ಕೊರೆದ ಸಂಖ್ಯೆಗೆ ಅರ್ಥವುಳಿಯುವುದಿಲ್ಲ. ಈ ಕೆಲಸವನ್ನು ಬಯಲಿನಲ್ಲಿ, ಬೆಂಕಿಯ ಸುಳಿವಿಲ್ಲದ ಕಡೆ ಮಾಡತಕ್ಕದ್ದು. ಮೊದಲಿದ್ದ ಜೆಟ್ಟುಗಳ ಸಂಖ್ಯೆ, ಸೂಜಿಯ ಕ್ಲಿಪ್ಪು ಇದ್ದ ಗೀರು, ಸ್ಕ್ರೂವನ್ನು ಎಷ್ಟು ಸುತ್ತು ಬಿಡಿಸಿತ್ತೆಂಬುದು, ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಡಬೇಕು. ದಾರಿ ತಪ್ಪಿದಾಗ ಹಿಂದಿರುಗಲು ಅದೇ ಆಧಾರ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ಎರಡನೆಯ ಸೂತ್ರ. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಗುಣವಾಯಿತೆಂಬುದು ಎಂದಿಗೂ ತಿಳಿಯುವುದಿಲ್ಲ.

ಹೊಂದಿಸುವ ಕ್ರಮ

ದಟ್ಟದಿಂದ ತೆಳುವಿನ ಕಡೆಗೆ ಬರಬೇಕೇ ವಿನಾ ತೆಳುವಿನಿಂದ ದಟ್ಟದ ಕಡೆಗೆ ಹೋಗಬಾರದು; ಇದು ಮೂರನೆಯ ಸೂತ್ರ. ದಟ್ಟದ ಕಡೆಯಿಂದ ಬರುವಾಗಿನ ತಪ್ಪು ಹೊಗೆಯಲ್ಲಿ ಮುಗಿಯುತ್ತದೆ, ತೆಳುವಿನ ಕಡೆಯಿಂದ ಹೋಗುವಾಗಿನ ತಪ್ಪು ಪಿಸ್ಟನ್ನನ್ನು ಬಲಿಕೊಡುತ್ತದೆ.

ಮೊದಲು ಗಾಡಿಯನ್ನು ಚೆನ್ನಾಗಿ ಕಾಯಿಸಿ ಮಂದಗತಿಯನ್ನು ಸ್ಥೂಲವಾಗಿ ಹೊಂದಿಸಬೇಕು. ಬಳಿಕ ಮೇನ್ ಜೆಟ್ಟಿನ ಸರದಿ. ಮೊದಲಿದ್ದುದಕ್ಕಿಂತ ಮೂರು ನಾಲ್ಕು ಮೆಟ್ಟಿಲು ದೊಡ್ಡದಾದ ಜೆಟ್ಟನ್ನು ಹಾಕಿ, ಜನಸಂಚಾರವಿಲ್ಲದ ನೇರವಾದ ಸಮತಟ್ಟು ರಸ್ತೆಯಲ್ಲಿ, ಹೆಲ್ಮೆಟ್ಟು ಧರಿಸಿ, ಮೂರನೆಯ ಗಿಯರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ತೆರೆದು ನೋಡಬೇಕು. ಜೆಟ್ಟು ತೀರ ದೊಡ್ಡದಾಗಿದ್ದರೆ ಯಂತ್ರವು ಗಂಟಲು ಕಟ್ಟಿದಂತೆ ಗೊರಗೊರ ಎನ್ನುತ್ತದೆ, ವೇಗವು ಏರಲೊಲ್ಲದು. ಒಂದೊಂದೇ ಮೆಟ್ಟಿಲು ಚಿಕ್ಕದು ಮಾಡುತ್ತ ಬಂದಾಗ ಯಂತ್ರದ ದನಿಯು ಶುದ್ಧವಾಗುವ ಒಂದು ಹಂತ ಬರುತ್ತದೆ. ಅಲ್ಲಿಯೇ ನಿಲ್ಲಬೇಕು. ಇನ್ನೂ ಒಂದು ಮೆಟ್ಟಿಲು ಇಳಿದರೆ ವೇಗ ಹೆಚ್ಚೀತೆಂಬ ಆಸೆಯನ್ನು ಬಿಡಬೇಕು.

ಪರೀಕ್ಷೆಗೆ ಎರಡು ಉಪಾಯಗಳುಂಟು. ಪೂರ್ಣವಾಗಿ ತೆರೆದ ಆಕ್ಸಿಲರೇಟರನ್ನು ತುಸುವೇ ಹಿಂದಕ್ಕೆ ತಿರುಗಿಸಿದಾಗ ಗಾಡಿಯು ಕುಗ್ಗುವ ಬದಲು ಒಂದು ಕ್ಷಣ ಮುಂದಕ್ಕೆ ಎಳೆದರೆ ಮೇನ್ ಜೆಟ್ಟು ಚಿಕ್ಕದೆಂದು ತಿಳಿಯಬೇಕು. ಎರಡನೆಯದು ಪ್ಲಗ್ಗನ್ನು ಓದುವುದು. ಪೂರ್ಣ ತೆರೆದ ಸ್ಥಿತಿಯಲ್ಲಿ ಓಡುತ್ತಿರುವಾಗಲೇ ಕ್ಲಚ್ಚನ್ನು ಹಿಡಿದು, ಅದೇ ಕ್ಷಣದಲ್ಲಿ ಯಂತ್ರವನ್ನು ಆರಿಸಿ, ಗಾಡಿ ತಾನಾಗಿ ನಿಂತಮೇಲೆ ಪ್ಲಗ್ಗನ್ನು ಬಿಚ್ಚಿ ನೋಡಬೇಕು. ತುದಿಯ ಬಿಳಿಯ ಪಿಂಗಾಣಿಯು ತಿಳಿಗಂದು ಬಣ್ಣಕ್ಕೆ ತಿರುಗಿದ್ದರೆ ಹದ ಸರಿಯಾಗಿದೆ. ಸುಣ್ಣದಂತೆ ಬೆಳ್ಳಗಿದ್ದರೆ ತೆಳು, ಮಸಿಯಂತೆ ಕರ್ರಗಿದ್ದರೆ ದಟ್ಟ. ಇಲ್ಲೊಂದು ಎಚ್ಚರಿಕೆ ಅವಶ್ಯ. ಭಾರತದಲ್ಲಿ 2000ದ ಫೆಬ್ರವರಿ 1ರಿಂದ ಸೀಸರಹಿತ ಪೆಟ್ರೋಲೇ ಎಲ್ಲೆಡೆ ಬಳಕೆಗೆ ಬಂದಿತು. ಹಳೆಯ ಮಿಸ್ತ್ರಿಗಳ ಕಣ್ಣು ಪಳಗಿದ್ದು ಸೀಸದ ಪೆಟ್ರೋಲು ಬಿಡುತ್ತಿದ್ದ ಬಣ್ಣಕ್ಕೆ. ಈಗಿನ ಪೆಟ್ರೋಲಿನಲ್ಲಿ ಬಣ್ಣವು ಅಷ್ಟು ಬೇಗನೆ, ಅಷ್ಟು ಸ್ಪಷ್ಟವಾಗಿ ಮೂಡುವುದಿಲ್ಲ. ಆದುದರಿಂದ ಬಣ್ಣವೊಂದನ್ನೇ ನಂಬದೆ ದನಿಯನ್ನೂ ಎಳೆತವನ್ನೂ ಕೂಡಿಸಿ ನಿರ್ಣಯಿಸಬೇಕು.

ಮೇನ್ ಜೆಟ್ಟು ನಿಶ್ಚಯವಾದ ಮೇಲೆ ಸೂಜಿ. ಸೂಜಿಯ ತಲೆಯಲ್ಲಿ ಸಾಮಾನ್ಯವಾಗಿ ಐದು ಗೀರುಗಳಿದ್ದು ಅವುಗಳಲ್ಲೊಂದರಲ್ಲಿ ಕ್ಲಿಪ್ಪು ಕುಳಿತಿರುತ್ತದೆ. ಕ್ಲಿಪ್ಪನ್ನು ಕೆಳಗಿನ ಗೀರಿಗೆ ಇಳಿಸಿದರೆ ಸೂಜಿಯು ಮೇಲೇಳುತ್ತದೆ, ಮಿಶ್ರಣ ದಟ್ಟವಾಗುತ್ತದೆ. ಮೇಲಿನ ಗೀರಿಗೆ ಏರಿಸಿದರೆ ಸೂಜಿಯು ಕೆಳಗಿಳಿದು ಮಿಶ್ರಣ ತೆಳುವಾಗುತ್ತದೆ. ಕಲಿಯುವವರು ಇಲ್ಲಿ ಎಡವುವುದು ಹೆಚ್ಚು. ಅರ್ಧದಷ್ಟು ತೆರೆದು ಸಾಗುವಾಗ ಗಾಡಿಯು ತಡವರಿಸಿ ಬಿಸಿಯಾದರೆ ಕ್ಲಿಪ್ಪನ್ನು ಒಂದು ಗೀರು ಇಳಿಸಬೇಕು. ಆ ಸ್ಥಿತಿಯಲ್ಲಿ ಚೋಕನ್ನು ತುಸು ಎಳೆದಾಗ ಗಾಡಿಯು ಚುರುಕಾದರೂ ಮಿಶ್ರಣ ತೆಳುವೆಂದೇ ಅರ್ಥ. ನಿತ್ಯದ ಪ್ರಯಾಣವು ಹೆಚ್ಚಾಗಿ ನಡೆಯುವುದು ಸೂಜಿಯ ಆಡಳಿತದಲ್ಲಿಯೇ ಆದ್ದರಿಂದ ಇದನ್ನು ಅವಸರದಿಂದ ಮುಗಿಸಲಾಗದು.

ಕೊನೆಯದು ಮಂದಗತಿ. ಜಪಾನಿನ ಮಿಕುನಿ ಮಾದರಿಯ ಕಾರ್ಬ್ಯುರೇಟರುಗಳಲ್ಲಿ ಫಿಲ್ಟರಿನ ಕಡೆಗಿರುವ ಸಣ್ಣ ಸ್ಕ್ರೂ ಗಾಳಿಯನ್ನು ನಿಯಂತ್ರಿಸುತ್ತದೆ. ಒಳಗೆ ತಿರುಗಿಸಿದರೆ ದಟ್ಟ, ಹೊರಗೆ ಬಿಡಿಸಿದರೆ ತೆಳು. ಸ್ಕ್ರೂ ಯಂತ್ರದ ಕಡೆಗಿದ್ದರೆ ಅದು ಪೆಟ್ರೋಲನ್ನು ನಿಯಂತ್ರಿಸುವಂಥದು. ಅಲ್ಲಿ ನಿಯಮವು ತಿರುವುಮುರುವಾಗುತ್ತದೆ. ಗಾಳಿಯ ಸ್ಕ್ರೂವನ್ನು ಹಗುರವಾಗಿ ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ಬಿಡಿಸಿ, ಅಲ್ಲಿಂದ ಆಚೀಚೆ ತಿರುಗಿಸುತ್ತ ಯಂತ್ರವು ಅತ್ಯಂತ ಚುರುಕಾಗಿಯೂ ಸಮನಾಗಿಯೂ ಓಡುವ ಸ್ಥಾನವನ್ನು ಹುಡುಕಬೇಕು. ಆ ಸ್ಥಾನವು ಒಂದು ಸುತ್ತಿಗಿಂತ ಒಳಗಿದ್ದರೆ ಪೈಲಟ್ ಜೆಟ್ಟು ಚಿಕ್ಕದಾಯಿತು. ಎರಡೂವರೆ ಸುತ್ತಿಗಿಂತ ಹೊರಗಿದ್ದರೆ ದೊಡ್ಡದಾಯಿತು. ಜೆಟ್ಟನ್ನು ಬದಲಿಸಿ ಮತ್ತೆ ಮೊದಲಿನಿಂದ ನೋಡಬೇಕು. ವಾಯುಮಾಲಿನ್ಯ ತಪಾಸಣಾ ಕೇಂದ್ರದ ಯಂತ್ರವೂ ಇಲ್ಲಿ ನೆರವಾಗುತ್ತದೆ. 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ ವಾಹನಗಳ ಮಂದಗತಿಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡು ಶೇಕಡಾ 4.5ನ್ನು ಮೀರಬಾರದೆಂಬ ನಿಯಮವಿದೆ. ಅಂಕಿಯು ಮಿತಿಯ ಹತ್ತಿರಕ್ಕೆ ಬಂದಷ್ಟೂ ಮಿಶ್ರಣವು ದಟ್ಟವಾಗಿದೆಯೆಂದು ತಿಳಿಯಬಹುದು.

ಜೋಡಿ ಕಾರ್ಬ್ಯುರೇಟರುಗಳು

ರಾಜದೂತ್ 350ರಂತಹ ಗಾಡಿಯಲ್ಲಿ ಇನ್ನೊಂದು ಕೆಲಸವಿದೆ. ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತುಗಳಲ್ಲಿ ಒಂದು ಮುಂದೆ ಎಳೆದು ಇನ್ನೊಂದು ಹಿಂದೆ ಬಿದ್ದರೆ ಸಾಲು ಸೊಟ್ಟಗಾಗುತ್ತದೆ, ಮುಂದಿನ ಎತ್ತು ಬಳಲುತ್ತದೆ. ಎರಡು ಕಾರ್ಬ್ಯುರೇಟರುಗಳ ಸ್ಲೈಡುಗಳು ಒಂದೇ ಕ್ಷಣದಲ್ಲಿ, ಒಂದೇ ಎತ್ತರಕ್ಕೆ ಏಳಬೇಕು. ಯಂತ್ರವನ್ನು ಆರಿಸಿ, ಫಿಲ್ಟರುಗಳನ್ನು ತೆಗೆದು, ಎರಡು ಬಾಯಿಗಳಲ್ಲಿಯೂ ಒಂದೊಂದು ಬೆರಳಿಟ್ಟು ಆಕ್ಸಿಲರೇಟರನ್ನು ನಿಧಾನವಾಗಿ ತಿರುಗಿಸಿದರೆ ಯಾವುದು ಮೊದಲು ಏಳುತ್ತದೆಂಬುದು ಬೆರಳಿಗೇ ತಿಳಿಯುತ್ತದೆ. ಕಾರ್ಬ್ಯುರೇಟರಿನ ನೆತ್ತಿಯಲ್ಲಿರುವ ಕೇಬಲ್ಲಿನ ತಿರುಪಿನಿಂದ ಅವನ್ನು ಸರಿದೂಗಿಸಬೇಕು. ಅನಂತರ ಎರಡೂ ಕಡೆಯ ಮಂದಗತಿಯ ಸ್ಕ್ರೂಗಳನ್ನು ಸಮನಾಗಿಸಿ, ಎರಡು ಸೈಲೆನ್ಸರುಗಳಿಂದ ಬರುವ ಹೊಗೆಯ ಒತ್ತನ್ನು ತುಸು ದೂರದಿಂದ ಅಂಗೈಯೊಡ್ಡಿ ಹೋಲಿಸಬೇಕು. ಈ ಗಾಡಿಯಲ್ಲಿ ಆಯಿಲಿನ ಪಂಪು ಕೂಡ ಅದೇ ಆಕ್ಸಿಲರೇಟರಿಗೆ ಕಟ್ಟಿಕೊಂಡಿದೆ. ಸ್ಲೈಡುಗಳನ್ನು ಸರಿಪಡಿಸಿದ ಮೇಲೆ ಪಂಪಿನ ಗುರುತುಗಳು ಕೂಡಿವೆಯೆ ಎಂದು ನೋಡದಿದ್ದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಎರಡು ಕಾರ್ಬ್ಯುರೇಟರುಗಳಿಗೂ ಒಂದೇ ತರದ ಫಿಲ್ಟರು, ಒಂದೇ ಸಂಖ್ಯೆಯ ಜೆಟ್ಟು ಇರತಕ್ಕದ್ದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಊರು, ಋತು ಮತ್ತು ಇಂಧನ

ಹದವು ದೇಶಕಾಲಗಳಿಗೆ ಅಧೀನವಾದುದು. ಬೆಳಗಾವಿಯು ಸಮುದ್ರಮಟ್ಟದಿಂದ ಸುಮಾರು 750 ಮೀಟರು ಎತ್ತರದಲ್ಲಿದೆ. ಇಲ್ಲಿಯ ಗಾಳಿಯು ಕಡಲತೀರದ ಗಾಳಿಗಿಂತ ಶೇಕಡಾ 7ರಷ್ಟು ಹಗುರ. ಗಾಳಿ ಹಗುರವಾದಲ್ಲಿ ಕಾರ್ಬ್ಯುರೇಟರಿನ ಮಿಶ್ರಣವು ತುಸು ದಟ್ಟವಾಗುವುದು ಸಹಜ. ಖಾನಾಪುರವು ಬೆಳಗಾವಿಗಿಂತ ಕೊಂಚ ತಗ್ಗು, ವ್ಯತ್ಯಾಸ ಗಣನೀಯವಲ್ಲ. ಆದರೆ ಜಾಂಬೋಟಿ, ಕಣಕುಂಬಿಗಳನ್ನು ದಾಟಿ ಚೋರ್ಲಾ ಘಾಟವನ್ನಿಳಿದು ಗೋವೆಗೆ ಹೋಗುವವನು ಸಮುದ್ರಮಟ್ಟದ ದಟ್ಟಗಾಳಿಯನ್ನು ಎದುರಿಸುತ್ತಾನೆ. ಬೆಳಗಾವಿಯಲ್ಲಿ ಅಂಚಿಗೆ ಹೊಂದಿಸಿದ ಗಾಡಿಯು ಅಲ್ಲಿ ಅಂಚಿನಿಂದ ಕೆಳಗೆ ಬೀಳುತ್ತದೆ. ಇದಲ್ಲದೆ ಘಾಟಿನ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಗಿಯರಿನ ಬಲದಲ್ಲಿಯೇ ದೀರ್ಘಕಾಲ ಇಳಿದರೆ, ಆಯಿಲನ್ನು ಪೆಟ್ರೋಲಿನಲ್ಲಿ ಬೆರೆಸುವ ಗಾಡಿಗಳಿಗೆ ಜಿಡ್ಡೇ ದೊರೆಯುವುದಿಲ್ಲ. ಆಗಾಗ ಆಕ್ಸಿಲರೇಟರನ್ನು ತುಸು ತೆರೆಯುತ್ತಿರಬೇಕು. ಚಳಿಗಾಲದ ಮುಂಜಾವಿನ ತಣ್ಣನೆಯ ಗಾಳಿಯೂ ದಟ್ಟವೇ. ಈ ಕಾರಣಗಳಿಂದ ಮೇನ್ ಜೆಟ್ಟನ್ನು ಒಂದು ಮೆಟ್ಟಿಲು ದೊಡ್ಡದಿಡುವುದು ಕ್ಷೇಮ.

ಇಂಧನವೂ ಬದಲಾಗಿದೆ. ಶೇಕಡಾ 20ರಷ್ಟು ಎಥನಾಲು ಬೆರೆತ ಪೆಟ್ರೋಲಿನ ಮಾರಾಟವು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಗೊಂಡಿತು; 2025ರ ವೇಳೆಗೆ ದೇಶವು ಈ ಪ್ರಮಾಣವನ್ನು ಮುಟ್ಟಿತು. ಎಥನಾಲು ತನ್ನೊಳಗೇ ಆಮ್ಲಜನಕವನ್ನು ಹೊಂದಿರುವುದರಿಂದ ಅದರ 1 ಪಾಲಿಗೆ ಸುಮಾರು 9 ಪಾಲು ಗಾಳಿ ಸಾಕು. ಈ ಲೆಕ್ಕದಲ್ಲಿ ಮಿಶ್ರ ಪೆಟ್ರೋಲಿಗೆ ಬೇಕಾದ ಗಾಳಿಯು 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಶುದ್ಧ ಪೆಟ್ರೋಲಿಗೆಂದು 1980ರಲ್ಲಿ ಅಳತೆ ಮಾಡಿದ ಜೆಟ್ಟು, ಫಿಲ್ಟರನ್ನು ಬದಲಿಸದಿದ್ದರೂ ಇಂದು ತೆಳು ಮಿಶ್ರಣವನ್ನೇ ಕೊಡುತ್ತದೆ. ಅದರ ಮೇಲೆ ಬಯಲು ಫಿಲ್ಟರನ್ನೂ ಹಾಕಿದರೆ ಎರಡು ದೋಷಗಳು ಕೂಡಿಕೊಳ್ಳುತ್ತವೆ. ಎಥನಾಲು ಹಳೆಯ ರಬ್ಬರನ್ನು ಕೆಡಿಸುತ್ತದೆ, ನೀರನ್ನೂ ಹೀರುತ್ತದೆ. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯ ಕಡೆಯಂತೆ ತಿಂಗಳುಗಟ್ಟಲೆ ಮಳೆ ಹಿಡಿಯುವಲ್ಲಿ, ಗಾಡಿಯನ್ನು ಬಹುದಿನ ನಿಲ್ಲಿಸುವುದಾದರೆ ಬಟ್ಟಲಿನ ಪೆಟ್ರೋಲನ್ನು ಬಸಿದಿಡುವುದು ಲೇಸು.

ವಿವೇಕ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಮುಚ್ಚಿಡಬಾರದು. ಮೂಲದ ಪೆಟ್ಟಿಗೆಯನ್ನು ಸರಿಪಡಿಸಿಕೊಳ್ಳಲು ಸಾಧ್ಯವಿದ್ದರೆ ಅದಕ್ಕಿಂತ ಉತ್ತಮವಾದ ಮಾರ್ಗವಿಲ್ಲ. ಬೇಸಿಗೆಯಲ್ಲಿ ಈ ಭಾಗದ ಕೆಂಪುಧೂಳು, ಮಳೆಗಾಲದಲ್ಲಿ ಖಾನಾಪುರದ ಸುರಿಮಳೆ, ಇವೆರಡರಿಂದಲೂ ಯಂತ್ರವನ್ನು ಕಾಯಲೆಂದೇ ಆ ಪೆಟ್ಟಿಗೆಯು ರಚಿತವಾಗಿದೆ. ಬಯಲು ಫಿಲ್ಟರು ಮಳೆನೀರನ್ನು ಹೀರುತ್ತದೆ. ಸ್ಪಂಜಿನದಾದರೆ ಆಗಾಗ ತೊಳೆದು ಎಣ್ಣೆ ಹಚ್ಚದಿದ್ದಲ್ಲಿ ಧೂಳನ್ನು ಒಳಗೆ ಬಿಡುತ್ತದೆ. ಆ ಧೂಳು ಉಂಗುರಗಳನ್ನೂ ಸಿಲಿಂಡರನ್ನೂ ಸಾಣೆಕಲ್ಲಿನಂತೆ ಸವೆಸುತ್ತದೆ. ವೇಗಕ್ಕಾಗಿ ಫಿಲ್ಟರನ್ನು ಬದಲಿಸುವವನು ಗಳಿಸುವುದು ಅಲ್ಪ, ಕಳೆದುಕೊಳ್ಳುವುದು ಅಧಿಕ. ಬೇರೆ ಗತಿಯಿಲ್ಲದೆ ಬದಲಿಸುವವನು ಮಾತ್ರ ಮೇಲಿನ ಕ್ರಮವನ್ನು ಪೂರ್ತಿಯಾಗಿ ಅನುಸರಿಸತಕ್ಕದ್ದು. ಅರ್ಧ ಮಾಡಿ ಬಿಡುವುದಾದರೆ ಮಾಡದಿರುವುದೇ ಮೇಲು.

ಗಾಣದ ಕೊಪ್ಪರಿಗೆಯಿಂದ ಈ ಲೇಖನವು ಆರಂಭವಾಯಿತು. ಬೆಳಗಾವಿ ಜಿಲ್ಲೆಯ ಗದ್ದೆಗಳಲ್ಲಿ ಬೆಳೆದ ಕಬ್ಬು ಇಂದು ಬೆಲ್ಲ ಸಕ್ಕರೆಗಳಾಗುವುದಷ್ಟೇ ಅಲ್ಲದೆ ಎಥನಾಲಿನ ರೂಪದಲ್ಲಿ ಪೆಟ್ರೋಲಿನ ಟಾಕಿಯನ್ನೂ ಸೇರುತ್ತಿದೆ. ಅಂದು ಅಜ್ಜನು ಕೊಪ್ಪರಿಗೆಯ ಮುಂದೆ ಕುಳಿತು ಗಮನಿಸುತ್ತಿದ್ದ ಹದವನ್ನು ಇಂದು ಮೊಮ್ಮಗನು ಕಾರ್ಬ್ಯುರೇಟರಿನ ಮುಂದೆ ಕುಳಿತು ಗಮನಿಸಬೇಕಾಗಿದೆ. ಕಣ್ಣು ಬಣ್ಣವನ್ನು, ಕಿವಿ ದನಿಯನ್ನು, ಕೈ ಬಿಸಿಯನ್ನು ಅರಿಯಬೇಕು. ಈ ಮೂರನ್ನೂ ವಿದ್ಯಾರ್ಥಿಗಳಿಗೆ ಕಲಿಸುವ ಪಾಠವು ಪುಸ್ತಕದಲ್ಲಿ ಪೂರ್ತಿ ದೊರೆಯುವುದಿಲ್ಲ. ಬಲ್ಲ ಮಿಸ್ತ್ರಿಯ ಪಕ್ಕದಲ್ಲಿ ಕುಳಿತು ನೋಡಿ ಕಲಿಯಬೇಕು. ಹಾಗೆ ಕಲಿತವನ ಗಾಡಿಯು ಅವನನ್ನು ಕ್ಷೇಮವಾಗಿ ಶಾಲೆಗೆ ಮುಟ್ಟಿಸಿ, ಸಂಜೆಗೆ ಕ್ಷೇಮವಾಗಿ ಮನೆಗೆ ತರುತ್ತದೆ.